ಗೂನಿಯ ಪಕ್ಕ ನಿಂತ ಅಜ್ಜ

“ಮೊದಲು ಆ ಕಾಗದ ತೆಗೀರಿ! ನಮ್ಮಜ್ಜನ ಮುಖ ಯಾಕೆ ಮುಚ್ತಿದ್ದೀರಿ?”

ವಿಮಾನ ಸಂಗ್ರಹಾಲಯದ ಫೋಟೋ ಕೋಣೆಯಲ್ಲಿ ಅಷ್ಟು ಜೋರಾಗಿ ಯಾರೂ ಮಾತಾಡಿದ್ದಿಲ್ಲ. ಭೂತಗನ್ನಡಿ ಹಿಡಿದು ಕೂತಿದ್ದವನು ಬೆಚ್ಚಿ ತಲೆಯೆತ್ತಿದ. ಹೆಸರೇ ಗೊತ್ತಿಲ್ಲದ ಹಳೆಯ ವಿಮಾನಗಳನ್ನು ಬರೀ ಫೋಟೋ ನೋಡಿ ಗುರುತಿಸುವವನು. ಅಲ್ಲಿನವರಿಗೆಲ್ಲ ಅವನು ‘ರೆಕ್ಕೆ ಮೇಷ್ಟ್ರು’.

“ಕೋಪ ಮಾಡ್ಕೋಬೇಡಿ. ಇಲ್ಲಿನ ಪದ್ಧತಿನೇ ಹಾಗೆ. ಫೋಟೋದಲ್ಲಿರೋ ಜನರನ್ನ ಮುಚ್ಚಿಟ್ಟು ಯಂತ್ರ ಮಾತ್ರ ನೋಡ್ತೀವಿ. ಮುಖ ಕಂಡ್ರೆ ಕಥೆ ಶುರುವಾಗುತ್ತೆ, ಕಥೆ ಕೇಳಿದ್ರೆ ಕಣ್ಣು ಮೋಸ ಹೋಗುತ್ತೆ.”

ಎಂಥಾ ಜಂಭ! ಅಂದುಕೊಂಡಳು ಅಜ್ಜನ ಫೋಟೋ ತಂದಿದ್ದ ಹುಡುಗಿ. ಆದರೂ ಆ ಕಣ್ಣುಗಳಲ್ಲಿ ಜಂಭವಿರಲಿಲ್ಲ...

ಅವಳು ಟೈಲರ್. ಎರಡು ಬೀದಿ ಆಚೆ ಅವಳದೇ ಪುಟ್ಟ ಅಂಗಡಿ. ತೀರಿಕೊಂಡ ಅಜ್ಜ ವಿಮಾನ ಮೆಕ್ಯಾನಿಕ್ ಆಗಿದ್ದವರು. “ಬೆನ್ನು ಉಬ್ಬಿದ ವಿಮಾನ ಕಣೇ, ಗೂನಿ ಅಂತ ಕರೀತಿದ್ವಿ. ಇಡೀ ಪ್ರಪಂಚಕ್ಕೆ ಮೂರೇ ಮೂರು! ಒಂದರ ಎಂಜಿನ್ ಈ ಕೈಲೇ ಬಿಚ್ಚಿ ಜೋಡಿಸಿದ್ದೀನಿ” ಎಂದು ಅವರು ಎದೆಯುಬ್ಬಿಸಿ ಹೇಳುತ್ತಿದ್ದರು. ಬಂಧುಬಳಗವೆಲ್ಲ ಅವರಿಗೆ ಇಟ್ಟ ಹೆಸರು ಬುರುಡೆರಾಯ.

ಕಳೆದ ತಿಂಗಳು ಒಂದು ಮದುವೆಯಲ್ಲಿ ಸೋದರಮಾವ ಮತ್ತದೇ ತಮಾಷೆ ತೆಗೆದಿದ್ದ. ಅಂದು ಮನೆಗೆ ಬಂದ ಅಜ್ಜಿ ಮೆಲ್ಲನೆ ಕೇಳಿದ್ದರು, “ಅವರು ನನಗೂ ಸುಳ್ಳು ಹೇಳಿದ್ರಾ, ಮಗು?”

ಆ ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು ಅವಳಿಗೆ. ಅದಕ್ಕೇ ಅಜ್ಜ ವಿಮಾನವೊಂದರ ಪಕ್ಕ ನಿಂತಿದ್ದ ಆ ಹಳೆಯ ಫೋಟೋ ಹಿಡಿದು ಇಲ್ಲಿಗೆ ಬಂದಿದ್ದಳು.

ನಾಲ್ಕು ಗುರುವಾರ ಇಬ್ಬರೂ ಒಂದೇ ಮೇಜಿಗೆ ಅಂಟಿ ಕೂತರು. ಚಕ್ರದ ಕಂಬಿ, ಕಿಟಕಿಗಳ ಲೆಕ್ಕ, ರೆಕ್ಕೆಯ ತುದಿ... ಅವನು ಹಳೆಯ ನಕ್ಷೆ ತೆಗೆಯುತ್ತಿದ್ದ, ಅವಳು ಹೋಲಿಸುತ್ತಿದ್ದಳು. ಅವನ ಚಹಾ ಪ್ರತಿಸಲ ಆರಿಹೋಗುತ್ತಿತ್ತು, ಅವಳು ಬೈಯುತ್ತಿದ್ದಳು. ಬರುಬರುತ್ತಾ ಗುರುವಾರದ ಹೊಲಿಗೆಯನ್ನೆಲ್ಲ ಬುಧವಾರವೇ ಮುಗಿಸತೊಡಗಿದಳು. ಯಾಕೆ ಅಂತ ಮನಸ್ಸನ್ನು ಕೇಳಿದರೆ ಕಳ್ಳ ಮನಸ್ಸು ಬಾಯೇ ಬಿಡದು!

ಐದನೆಯ ಗುರುವಾರ ಅವನ ಮುಖ ಸಪ್ಪಗಿತ್ತು.

“ಇದು ಗೂನಿ ಅಲ್ಲ. ಗೂನಿಯ ಹೊಗೆಕೊಳವೆ ಎಂಜಿನ್ನಿನ ಬಲಕ್ಕೆ. ಇಲ್ಲಿ ಎಡಕ್ಕಿದೆ. ಇದು ನೋಡೋಕೆ ಹಾಗೇ ಇರೋ, ಹೊಲಕ್ಕೆ ಔಷಧಿ ಸಿಂಪಡಿಸೋ ವಿಮಾನ. ನೂರಾರು ಇದ್ವು. ಬಾಲದ ಮೇಲಿನ ಅಕ್ಷರವಾದ್ರೂ ಕಂಡಿದ್ರೆ... ಬಾಲ ಚಿತ್ರದಲ್ಲೇ ಇಲ್ಲ.”

“ಅಂದ್ರೆ ನಮ್ಮಜ್ಜ ಸುಳ್ಳುಗಾರರಾ?”

ಅವನು ಸುಮ್ಮನಾದ. ಅವಳನ್ನು ಸಮಾಧಾನ ಮಾಡಲು ಮಾತಿಗಾಗಿ ತಡಕಾಡುತ್ತಿದ್ದ ಪಾಪ... ಅವಳಿಗೆ ಮಾತ್ರ ಆ ಮೌನವೇ ಉತ್ತರವಾಗಿ ಕೇಳಿಸಿತು. ಫೋಟೋ ಕಿತ್ತುಕೊಂಡು ಹೊರಟುಬಿಟ್ಟಳು.

ಮೂರು ವಾರ ಕಳೆಯಿತು. ಅಜ್ಜಿಗೆ ಏನೂ ಹೇಳಲಾಗಲಿಲ್ಲ. ಅವನ ನೆನಪು ಬಂದಾಗಲೆಲ್ಲ ಸಿಟ್ಟು ಬರುತ್ತಿತ್ತು, ಸಿಟ್ಟು ಇಳಿದ ಮೇಲೆ ಅಳು.

ಒಂದು ಮಧ್ಯಾಹ್ನ ಗಿರಾಕಿಯೊಬ್ಬರ ಅಂಗಿಗೆ ಗುಂಡಿಪಟ್ಟಿ ಹೊಲಿಯುತ್ತಾ ಎದುರಿಗಿಟ್ಟಿದ್ದ ಫೋಟೋ ನೋಡಿದಳು. ಕಾಲು ಪೆಡಲಿನ ಮೇಲೇ ನಿಂತಿತು.

ಗಂಡಸರ ಅಂಗಿಗೆ ಎಡಪಟ್ಟಿ ಮೇಲೆ ಬರಬೇಕು. ಜೇಬು ಎಡ ಎದೆಗೆ. ಅಜ್ಜನ ಅಂಗಿಯಲ್ಲಿ ಬಲಪಟ್ಟಿ ಮೇಲಿದೆ... ಜೇಬೂ ಬಲಕ್ಕಿದೆ!

ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿದ್ದಂತೆಯೇ ಫೋಟೋ ಹಿಡಿದು ಸಂಗ್ರಹಾಲಯಕ್ಕೆ ಎದ್ದುಬಿದ್ದು ಓಡಿದಳು.

“ಅಂಗಿ ನೋಡಿ! ಇಂಥಾ ಅಂಗಿ ಯಾವ ಟೈಲರೂ ಗಂಡಸಿಗೆ ಹೊಲಿಯಲ್ಲ!”

ಅವನು ಒಂದು ಕ್ಷಣ ಕಣ್ಣು ಪಿಳುಕಿಸಿದ. ಆಮೇಲೆ ಫೋಟೋವನ್ನು ಗೋಡೆಯ ಕನ್ನಡಿಗೆ ಹಿಡಿದ. ಪ್ರತಿಬಿಂಬದಲ್ಲಿ ಅಂಗಿ ಸರಿಹೋಯಿತು. ಹೊಗೆಕೊಳವೆ ಬಲಕ್ಕೆ ಬಂತು.

“ಫಿಲ್ಮನ್ನ ತಿರುವಿಟ್ಟು ಪ್ರಿಂಟ್ ಹಾಕಿದ್ದಾರೆ... ಇದು ಗೂನಿನೇ! ಅಯ್ಯೋ, ನಾನೆಂಥಾ ದಡ್ಡ! ನಿಮ್ಮಜ್ಜನ್ನ ಮುಚ್ಚಿಟ್ಟೇ ಹುಡುಕಿದೆನಲ್ಲ!”

ಅವಳು ಬೈಯಲು ಬಾಯಿ ತೆರೆದಳು. ಅವನ ಕಣ್ಣಲ್ಲಿ ನೀರು ಕಂಡು ಕುರ್ಚಿ ಎಳೆದು ಪಕ್ಕದಲ್ಲೇ ಕೂತಳು.

“ಅಜ್ಜಿಗೆ ನಾನೇ ಹೇಳ್ಬೇಕು. ಕರ್ಕೊಂಡು ಹೋಗ್ತೀರಾ?” ಅಂದ ಅವನು.

ಮನೆಯಲ್ಲಿ ಅಜ್ಜಿಯ ಕಾಲ ಬಳಿ ನೆಲದ ಮೇಲೇ ಕೂತು ಹೇಳಿದ. “ಅಜ್ಜಿ, ತಪ್ಪು ನನ್ನದು. ಅಜ್ಜ ಹೇಳಿದ್ದು ನೂರಕ್ಕೆ ನೂರು ನಿಜ.”

ಅಜ್ಜಿ ಫೋಟೋ ಎದೆಗೊತ್ತಿಕೊಂಡರು. “ಅವರಿದ್ದಾಗ ಎಲ್ಲರ ಜೊತೆ ಒಂದೊಂದ್ಸಲ ನಾನೂ ನಕ್ಕಿದ್ದೆನಪ್ಪಾ... ನನ್ನ ಮುಖ ನೋಡಿ ಸುಮ್ಮನಾಗಿಬಿಡ್ತಿದ್ರು.” ಅಳುತ್ತಲೇ ಅವನ ತಲೆ ಸವರಿದರು.

ಹೊರಡುವಾಗ ಅವಳು ಬಾಗಿಲವರೆಗೂ ಬಂದಳು.

“ನಾನು ಅವತ್ತು ಹಾಗೆ ಎದ್ದು ಹೋಗಬಾರದಿತ್ತು.”

“ನಾನು ಹಾಗೆ ಸುಮ್ಮನೆ ಕೂರಬಾರದಿತ್ತು. ಮೂರು ವಾರ ಬಾಗಿಲು ಸದ್ದಾದಾಗಲೆಲ್ಲ ನೀವೇ ಅಂತ ಎದ್ದು ನಿಂತಿದ್ದೀನಿ. ಈಗ್ಲೂ ಸುಮ್ಮನಿದ್ರೆ ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ. ನಿಮ್ಮನ್ನ ಪ್ರೀತಿಸ್ತೀನಿ. ನಂಬ್ತೀರಾ?”

ಅವಳ ಕೆನ್ನೆ ಕೆಂಪಾಯಿತು. “ನಂಬ್ತೀನಿ... ನನಗೂ ಅಷ್ಟೇ. ಆದ್ರೆ ಅಜ್ಜಿಗೆ ಹೇಗೆ ಹೇಳೋದು?”

ಒಳಗಿನಿಂದ ಅಜ್ಜಿಯ ದನಿ ಬಂತು. “ಹೇಳೋದೇನೂ ಬೇಡ, ಎಲ್ಲಾ ಕೇಳಿಸ್ತು! ಅವನನ್ನ ಊಟಕ್ಕೆ ಕರಿ.”