ನಾಲ್ಕನೆಯ ಕಮಾನು

"ಒಣ ಕಟಗಿ ಬಗ್ಗಂಗಿಲ್ರಿ. ಮುರೀತೈತಿ."

ಹೆಣ್ಣುದನಿ ಬೆನ್ನ ಹಿಂದಿನಿಂದ ಬಂತು. ನಿಜಗುಣಪ್ಪ ತಿರುಗುವಷ್ಟರಲ್ಲೇ ಅವನ ಕೈಯಲ್ಲಿದ್ದ ಸಾಗವಾನಿ ಪಟ್ಟಿ ಲಟಕ್ಕನೆ ಎರಡಾಯಿತು.

ತುಂಬಿದ ಕೊಡ ಹೊತ್ತ ತಂಗೆವ್ವ ಅಲ್ಲೇ ನಿಂತಿದ್ದಳು. ಇಪ್ಪತ್ತೆರಡರ ಹರೆಯ. ಹಣೆಯಲ್ಲಿ ವಿಭೂತಿ ಮಾತ್ರ, ಕೈ ಬರಿದು. ಗಂಡ ಪ್ಲೇಗಿನಲ್ಲಿ ತೀರಿಹೋಗಿ ನಾಲ್ಕು ವರ್ಷವಾಗಿತ್ತು.

"ಸ್ವಲ್ಪ ಮೊದಲ ಹೇಳಬಾರದಿತ್ತೇನ್ರಿ?" ಎಂದ ಅವನು, ಬೆವರು ಒರೆಸುತ್ತ.

"ಬೆಳಗಿಂದ ಎರಡು ಮುರದ್ರಿ. ಮೂರನೇದಕ್ಕರ ಬುದ್ಧಿ ಬರತೈತಿ ಅಂತ ನೋಡಿದೆ."

ನಿಜಗುಣಪ್ಪನಿಗೆ ಸಿಟ್ಟು ಬರಬೇಕಿತ್ತು... ನಗು ಬಂತು. ಅವನ ನಗು ಕಂಡು ತಂಗೆವ್ವ ಸೆರಗು ಎಳೆದುಕೊಂಡು ಒಳಗೆ ಹೋದಳು. ನಾಲ್ಕು ವರ್ಷದಲ್ಲಿ ಗಂಡಸೊಬ್ಬ ತನ್ನ ಮಾತಿಗೆ ನಕ್ಕಿದ್ದು ಇದೇ ಮೊದಲು ಎಂಬುದು ಅವಳಿಗೆ ಒಲೆಯ ಮುಂದೆ ಕೂತಾಗ ಹೊಳೆಯಿತು.

ಅದು ಸಾವಿರದ ಒಂಬೈನೂರ ಹದಿಮೂರನೆಯ ಇಸವಿ. ಬೈಲಹೊಂಗಲದ ಸಾಹುಕಾರರೊಬ್ಬರು ದೊರೆಯೊಬ್ಬನಿಂದ ಕೊಂಡ ಹತ್ತು ವರ್ಷ ಹಳೆಯ ಮೋಟಾರು ಸಿರಸಂಗಿಯ ಹಳ್ಳದಲ್ಲಿ ಮಗುಚಿ ಬಿದ್ದಿತ್ತು. ಯಂತ್ರ ಉಳಿದಿತ್ತು. ಮೇಲಿನ ಟಪ್ಪು, ಅಂದರೆ ಬಿಸಿಲು ಮಳೆಗೆ ಎಳೆದುಕೊಳ್ಳುವ ಕ್ಯಾನ್ವಾಸಿನ ಚಾವಣಿ ಹರಿದು, ಅದನ್ನು ಹೊತ್ತಿದ್ದ ನಾಲ್ಕು ಮರದ ಕಮಾನುಗಳೂ ಮುರಿದಿದ್ದವು. ವಿಲಾಯತಿಯಿಂದ ಹೊಸವು ಬರಲು ಆರು ತಿಂಗಳು ಬೇಕು. ಎರಡು ಜೋಡಿ ಎತ್ತು ಕಟ್ಟಿ ಮೋಟಾರನ್ನು ಎಳೆದು ತಂದು, ಹತ್ತಿರದಲ್ಲಿದ್ದ ರಾಚವ್ವನ ಹಿತ್ತಲಲ್ಲಿ ನಿಲ್ಲಿಸಿದ್ದರು. ರಾಚವ್ವ ತಂಗೆವ್ವನ ಅತ್ತೆ. ದುರಸ್ತಿಗೆ ಸಾಹುಕಾರರು ಕಳಿಸಿದ ನಿಜಗುಣಪ್ಪ ಇವರಂತೆಯೇ ಲಿಂಗಾಯತ, ಒಕ್ಕಲುತನದ ಮನೆಯವನು. ಬೆಳಗಾವಿಯಲ್ಲಿ ಯಂತ್ರದ ಕೆಲಸ ಕಲಿತಿದ್ದ. ಕಬ್ಬಿಣ ಬಲ್ಲವನೇ ಹೊರತು ಕಟ್ಟಿಗೆ ಬಲ್ಲವನಲ್ಲ.

ಮರುದಿನ ಅವನೇ ಕೇಳಿದ. "ಬಗ್ಗಿಸೂದು ಹೆಂಗ ಅಂತ ಹೇಳಿಕೊಡ್ರಿ."

"ರಾಮದುರ್ಗದ ಕಡೆ ಸಾಲಹಳ್ಳಿ ನನ್ನ ತವರು. ನಮ್ಮಪ್ಪ ಸವಾರಿ ಬಂಡೀಗೆ ಕಮಾನು ಬಗ್ಗಸತಿದ್ದ. ಹಸೀ ತಡಸಲ ಕಟಗಿ ತರ್ರಿ. ಉಗಿಯೊಳಗ ಬೇಯಿಸಬೇಕು, ಕಡಬು ಬೇಯಿಸಿದಂಗ."

"ಎಷ್ಟು ಹೊತ್ತು?"

"ಎರಡು ಸೇರು ಜೋಳ ಬೀಸೂ ಹೊತ್ತು."

"ಗಡಿಯಾರದಾಗ ಎಷ್ಟು ಆಕೈತಿ?"

"ಗಡಿಯಾರ ಜೋಳ ಬೀಸತೈತೇನ್ರಿ?"

ಒಳಗಿನಿಂದ ರಾಚವ್ವ ಗದರಿದಳು. "ಏ ತಂಗೆವ್ವಾ, ಬಾಯಿ ಸಣ್ಣದು ಮಾಡು."

ಕಿತ್ತೂರಿನಾಚೆಯ ಕಾಡಿನಿಂದ ಹಸಿ ತಡಸಲು ಬಂತು. ಬಚ್ಚಲ ಹಂಡೆಗೆ ಮುಚ್ಚಳ ಹಾಕಿ, ಸಂದಿಗೆ ಹಿಟ್ಟು ಮೆತ್ತಿ, ಬಿದಿರ ಕೊಳವೆಯಿಂದ ಉಗಿಯನ್ನು ಉದ್ದನೆಯ ಹಲಗೆಯ ಪೆಟ್ಟಿಗೆಗೆ ಬಿಟ್ಟರು. ಪೆಟ್ಟಿಗೆಯೊಳಗೆ ಕಟ್ಟಿಗೆ ಬೇಯುತ್ತಿದ್ದರೆ ಇತ್ತ ತಂಗೆವ್ವ ಬೀಸುತ್ತಿದ್ದಳು. ಎರಡು ಸೇರು ಮುಗಿದದ್ದೇ ಎದ್ದು ಬಂದು, "ತಗೀರಿ," ಎಂದಳು.

ಆಮೇಲೆ ಮಾತಿಗೆ ಬಿಡುವಿಲ್ಲ. ಗೋಣಿಪಟ್ಟೆ ಸುತ್ತಿದ ಕೈಗಳಲ್ಲಿ ಅವನೊಂದು ತುದಿ, ಅವಳೊಂದು ತುದಿ. ಕಮಾನಿನ ಆಕಾರಕ್ಕೆ ಮಾಡಿಟ್ಟ ಅಚ್ಚಿನ ಸುತ್ತ ಇಬ್ಬರೂ ಒಂದೇ ಸಮ ಎಳೆಯಬೇಕು. ಒಬ್ಬರು ಅವಸರ ಮಾಡಿದರೆ ಕಟ್ಟಿಗೆ ಸೀಳುತ್ತದೆ. ಇಬ್ಬರೂ ತಡ ಮಾಡಿದರೆ ಆರಿ ಸೆಟೆಯುತ್ತದೆ.

ಕಟ್ಟಿಗೆ ಬಗ್ಗಿತು. ಗೂಟ ಬಡಿದು ಬಿಗಿದು ಕಟ್ಟಿದಾಗ ಇಬ್ಬರೂ ಏದುಸಿರು ಬಿಡುತ್ತಿದ್ದರು. ಗೋಡೆಯ ಮೇಲಿಂದ ಅರ್ಧ ಊರು ನೋಡುತ್ತಿತ್ತು.

ಎರಡನೆಯ ಕಮಾನಿನ ಹೊತ್ತಿಗೆ ಅವನ ಉಸಿರು ಅವಳಿಗೆ ಗೊತ್ತಾಗಿತ್ತು. ಮೂರನೆಯದರ ಹೊತ್ತಿಗೆ ಅವಳ ಮೌನ ಅವನಿಗೆ ಗೊತ್ತಾಗಿತ್ತು.

"ಟಪ್ಪು ಏರಿಸಿದ ಮ್ಯಾಲೆ ಒಮ್ಮೆ ಸವದತ್ತಿಗೆ ಹೋಗಿ ಬರೋಣ್ರಿ, ನೀವೂ ನಿಮ್ಮ ಅತ್ತೀನೂ," ಎಂದ.

"ನನ್ನಂಥಾಕೀನ ಮೋಟಾರದಾಗ ಯಾರು ಕೂಡಿಸ್ಕೋತಾರ್ರಿ? ಎದುರು ಬಂದ್ರ ದಾರಿ ಬಿಟ್ಟು ಹೊಕ್ಕಾರ."

"ನಾ ಕೂಡಿಸ್ಕೋತೇನಿ."

ಅವನು ತಲೆ ಎತ್ತದೆ ಗೂಟ ಬಡಿಯುತ್ತಲೇ ಹೇಳಿದ. ಆ ದಿನ ತಂಗೆವ್ವನ ಎರಡು ರೊಟ್ಟಿ ಹಂಚಿನ ಮೇಲೆ ಕರಕಲಾದವು. 'ಇದೇನಾಗೇತಿ ನನಗ...' ಎಂದು ಅವಳು ತನ್ನನ್ನೇ ಬೈದುಕೊಂಡಳು.

ಎರಡು ದಿನ ಕಳೆದು ಮಹಾಂತಪ್ಪ ಬಂದ. ಸತ್ತ ಗಂಡನ ದೊಡ್ಡಪ್ಪ, ಮನೆತನದ ಹಿರಿಯ. ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ರಾಚವ್ವನ ಕಡೆ ನೋಡಿ ಹೇಳಿದ.

"ಆ ಹುಡುಗ ನಿನ್ನ ಸೊಸೀನ ಉಡಿಕಿ ಮಾಡಿಕೋತೇನಿ ಅಂತ ಕೇಳ್ಯಾನ. ಹೂಂ ಅಂದೇನಿ. ಅಮಾಸಿ ದಿನ ಕತ್ತಲಾದ ಮ್ಯಾಲೆ, ಹಿತ್ತಲ ಬಾಗಿಲದಾಗ. ಮುತ್ತೈದೇರು ಯಾರೂ ನೋಡಬಾರದು. ಮರುದಿನ ಹೊತ್ತು ಮುಳುಗೂಮಟಾ ಈಕಿ ಮಾರಿ ತೋರಸಬಾರದು."

ಬಾಗಿಲ ಮರೆಯಲ್ಲಿದ್ದ ತಂಗೆವ್ವನನ್ನು ಯಾರೂ ಕೇಳಲಿಲ್ಲ.

ಓದುವವರೇ, ಹೆಂಡತಿ ಸತ್ತ ಗಂಡಸು ತಿಂಗಳೊಳಗೆ ಬಾಜಾ ಬಾರಿಸಿಕೊಂಡು, ಹಗಲು ಹೊತ್ತಿನಲ್ಲಿ, ಊರಿಗೆ ಊಟ ಹಾಕಿ ಮದುವೆಯಾಗುತ್ತಾನೆ. ಅವನ ಮುಖ ಕಂಡು ಯಾರ ಮುತ್ತೈದೆತನವೂ ಕೆಡುವುದಿಲ್ಲ. ಗಂಡ ಸತ್ತ ಹೆಣ್ಣಿನ ಮರುಮದುವೆಯಾದ ಉಡಿಕಿಗೆ ಮಾತ್ರ ಕತ್ತಲು, ಹಿತ್ತಲು, ಮುಚ್ಚಿದ ಮುಖ. ಇದಕ್ಕೆ ಊರು ಇಟ್ಟ ಹೆಸರು ಉಪಕಾರ.

ತಂಗೆವ್ವ ಮಾರನೆಯ ದಿನ ಹಿತ್ತಲಿಗೆ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. 'ಇಂವಾನೂ ಅವರಂಥಾವನ... ಹಗಲಿನಾಗ ನನ್ನ ಕೈ ಬೇಕು, ಮದುವೀಗೆ ಕತ್ತಲಿ ಬೇಕು.'

ನಿಜಗುಣಪ್ಪ ಒಬ್ಬನೇ ನಾಲ್ಕನೆಯ ಕಮಾನಿಗೆ ಕೈ ಹಾಕಿದ. ಒಂದು ತುದಿ ಎಳೆದರೆ ಇನ್ನೊಂದು ಎದ್ದಿತು. ಕಟ್ಟಿಗೆ ನಡುವೆ ಸೀಳಿತು. ಅವನು ಅಂಗೈಯ ಬೊಕ್ಕೆ ನೋಡಿಕೊಳ್ಳುತ್ತ ಬಂದು ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತ.

"ನನ್ನ ಮ್ಯಾಲೆ ಸಿಟ್ಟೇನ್ರಿ? ಮರ್ಯಾದಿಲೇ ಹಿರಿಯಾರನ್ನ ಕೇಳಿದೆ."

"ಹಿರಿಯಾರನ್ನ ಉಡಿಕಿ ಮಾಡ್ಕೋತೀರೇನ್ರಿ?"

ಅವಳು ಹಿಟ್ಟಿನ ಕೈ ಕೊಡವಿ ಎದ್ದಳು.

"ನನ್ನ ಕೇಳಿದ್ರೇನ್ರಿ ನೀವು? ಗಂಡ ಪ್ಲೇಗಿನಾಗ ಸತ್ತ. ನಾ ಕೊಂದಿಲ್ಲ. ಕಳವು ಮಾಡಿಲ್ಲ. ಮೂರು ಕಮಾನು ಊರ ಕಣ್ಣಮುಂದ ಹಗಲಿನಾಗ ಬಗ್ಗಿಸಿದ್ವಿ. ಮದುವೀಗೆ ಯಾಕ ಕಳ್ಳರಂಗ ಕತ್ತಲ್ಯಾಗ ನಿಂದರಬೇಕು?"

"ಪದ್ಧತಿ ಹಂಗೈತಿ ಅಂದ್ರು... ನಾ ಅದರ ಬಗ್ಗೆ ವಿಚಾರ ಮಾಡಲಿಲ್ಲ."

"ವಿಚಾರ ಮಾಡೂ ಗರಜು ನಿಮಗ ಬಿದ್ದಿಲ್ಲ. ಮಾರಿ ಮುಚ್ಚಿಕೊಳ್ಳಾಕಿ ನಾ ಅಲ್ಲೇನ್ರಿ."

ಅವನು ತಿರುಗಿ ಹಿತ್ತಲು ದಾಟಿ ಹೊರಟುಹೋದ. ಹೋದವನು ಬರಲಾರ ಎಂದೇ ತಂಗೆವ್ವ ತಿಳಿದಳು. ಕೇಳಬಾರದ್ದನ್ನು ಕೇಳಿದೆನೇ ಎಂದುಕೊಂಡಳು. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಮರುದಿನ ಹೊತ್ತೇರಿದಾಗ ಅಂಗಳದಲ್ಲಿ ಗದ್ದಲ. ನಿಜಗುಣಪ್ಪ ತಲೆಬಾಗಿಲ ಮುಂದೆ ನಿಂತಿದ್ದ. ಹಿಂದೆ ಕೆಂಡದಂಥ ಮುಖದ ಮಹಾಂತಪ್ಪ, ಅವನ ಹಿಂದೆ ಊರ ಮಂದಿ. ಚಾವಡಿಯಿಂದಲೇ ಜಗಳ ಹಿಂಬಾಲಿಸಿ ಬಂದಿತ್ತು.

"ನಡೂ ಹಗಲಿನಾಗ ಉಡಿಕಿ ಮಾಡ್ಕೋತಾನಂತ! ಮದುವಿ ಮಾಡಸಾಕ ಯಾವ ಅಯ್ಯಾ ಬರತಾನೋ? ಆರತಿ ಯಾರು ಬೆಳಗತಾರೋ?" ಎಂದು ಮಹಾಂತಪ್ಪ ಕೂಗುತ್ತಿದ್ದ.

ನಿಜಗುಣಪ್ಪ ಅವನ ಕಡೆ ನೋಡಲೇ ಇಲ್ಲ.

"ತಂಗೆವ್ವಾರ, ಹೊರಗ ಬರ್ರಿ. ನಿಮ್ಮನ್ನ ಬಿಟ್ಟು ಎಲ್ಲಾರನ್ನೂ ಕೇಳಿದೆ. ಅದು ನನ್ನ ತಪ್ಪು. ಈಗ ನಿಮ್ಮನ್ನ ಕೇಳತೇನಿ. ನಿಮ್ಮ ಮ್ಯಾಲೆ ಜೀವ ಇಟ್ಟೇನಿ. ನಡೂ ಮಧ್ಯಾಹ್ನ, ತಲಿಬಾಗಿಲ ಮುಂದ ನನ್ನ ಮದುವಿ ಆಕ್ಕೀರೇನು? ಒಲ್ಲೆ ಅಂದ್ರ ನಾಲ್ಕನೇ ಕಮಾನು ಮುಗಿಸಿ ನನ್ನ ದಾರಿ ನಾ ಹಿಡಿತೇನಿ."

ತಂಗೆವ್ವ ಹೊಸ್ತಿಲಿಗೆ ಬಂದಳು. ಇಷ್ಟು ಮಂದಿಯ ಎದುರು ತನ್ನ ಇಷ್ಟವೇನೆಂದು ಯಾರೂ ಯಾವತ್ತೂ ಕೇಳಿರಲಿಲ್ಲ.

"ಆಕ್ಕೇನಿ," ಎಂದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ.

"ರಾಚವ್ವಾ, ನಿನ್ನ ಸೊಸೀಗೆ ಬುದ್ಧಿ ಹೇಳು," ಎಂದ ಮಹಾಂತಪ್ಪ.

ರಾಚವ್ವ ಕಂಬ ಹಿಡಿದು ಎದ್ದಳು. "ಏನ ಹೇಳ್ಲಿ, ಭಾವಾ? ನಿಮ್ಮ ತಮ್ಮ ನನ್ನ ಉಡಿಕಿ ಮಾಡಿಕೊಂಡದ್ದೂ ಅಮಾಸಿ ದಿನ. ಮದುವಿ ಆದ ಗಂಡನ ಮಾರಿ ಮರುದಿನ ಸಂಜೀಗೆ ನೋಡಿದೆ. ಮೂವತ್ತು ವರ್ಷ ಬಾಳೆ ಮಾಡಿದೆ. ಒಂದು ಮದುವ್ಯಾಗೂ ನನ್ನ ಕೈಯಾಗ ಆರತಿ ತಾಟ ಕೊಡಲಿಲ್ಲ. ಈ ಮದುವ್ಯಾಗ ನಾ ಬೆಳಗತೇನಿ. ನೋಡೋರು ನೋಡ್ರಿ, ಒಲ್ಲದವರು ಕಣ್ಣ ಮುಚ್ಚಿಕೊಳ್ರಿ."

ಮಹಾಂತಪ್ಪ ಎಲೆ ಉಗುಳಿ ಹೊರಟುಹೋದ.

ಆ ಮಧ್ಯಾಹ್ನವೇ ಹಿತ್ತಲಲ್ಲಿ ಇಬ್ಬರೂ ಸೇರಿ ನಾಲ್ಕನೆಯ ಕಮಾನು ಬಗ್ಗಿಸಿದರು. ಮೂರನೆಯ ದಿನ, ಅದು ಒಣಗಿದ ಮೇಲೆ, ನಡುಮಧ್ಯಾಹ್ನ ತಲೆಬಾಗಿಲ ಮುಂದೆ ಮದುವೆ. ಅಯ್ಯನೋರು ಬರಲಿಲ್ಲ. ಬಂದವರು ಹದಿನಾಲ್ಕು ಮಂದಿ. ಅವರಲ್ಲಿ ಐವರು ಮುತ್ತೈದೆಯರು, ಗಂಡಂದಿರು ಬೇಡವೆಂದರೂ ಬಂದವರು. ರಾಚವ್ವ ಆರತಿ ಬೆಳಗಿದಳು, ದೀಪ ಆರಲಿಲ್ಲ.

ಉಳಿದ ಊರು ಬೇಲಿಯಾಚೆ ನಿಂತು ನೋಡುತ್ತಿತ್ತು. ಹಸಿರು ಬಳೆ ತೊಟ್ಟ ತಂಗೆವ್ವ ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿದಳು.

"ಒಳಗ ಹೋಗೂಣೇನು?" ನಿಜಗುಣಪ್ಪ ಮೆಲ್ಲಗೆ ಕೇಳಿದ. "ಎಲ್ಲಾರೂ ನಿನ್ನ ನೋಡಾಕತ್ತಾರ."

"ನೀವು ಯಾರನ್ನ ನೋಡಾಕತ್ತೀರಿ?"

"ನಿನ್ನನ್ನ."

"ಹಂಗಾರ ಇನ್ನೊಂದೀಟು ಹೊತ್ತು ಇಲ್ಲೇ ನಿಂದರೂಣ್ರಿ," ಎಂದಳು ತಂಗೆವ್ವ. "ಬಿಸಿಲು ಚಲೋ ಐತಿ."