ಕೊಳಾಯಿ ಕಟ್ಟೆಯ ಹೊಟ್ಟೆಕಿಚ್ಚು

"ನಿಲ್ಸಿ! ಆ ನೀರು ಬೀದಿಗೆ ಚೆಲ್ಬ್ಯಾಡಿ!"

ಕೊಡ ಬಗ್ಗಿಸುತ್ತಿದ್ದ ಭ್ರಮರಾಂಬೆ ಬೆಚ್ಚಿದಳು. ಕೊಳಾಯಿಯ ತಿರುಪು ಹಿಡಿದು ನಿಂತಿದ್ದ ಯುವಕ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ. ಅಬ್ಬಾ, ಎಂಥಾ ಕಣ್ಣು!

"ಕೊಡ ತೊಳೆದ ನೀರು ಕಣ್ರೀ ಇದು. ಕುಡೀಲಾ?"

"ಆ ಕಾಲುವೆಗೆ ಸುರೀರಿ. ಬಾಳೆ ಗಿಡಕ್ಕೆ ಹೋಯ್ತದೆ."

ಅದು ಸಾವಿರದ ಒಂಬೈನೂರ ಐವತ್ತೊಂದರ ಬೇಸಿಗೆ. ಹಿಂದೂಪುರದ ಹುಣಸೆಮಂಡಿ ಬೀದಿಗೆ ನೀರು ಬಿಡಲು ಮುನಿಸಿಪಾಲ್ಟಿಯವರು ಹೊಸದಾಗಿ ನೇಮಿಸಿದ್ದ ಅವನು ಕಲ್ಯಾಣದುರ್ಗದ ಅಮರೇಶಪ್ಪ. ಇವಳು ಹುಣಸೆ ವ್ಯಾಪಾರಿ ಸೋಮಶೇಖರಪ್ಪನವರ ಒಬ್ಬಳೇ ಮಗಳು. ಕೋಪ ಸದಾ ಮೂಗಿನ ತುದಿಯಲ್ಲೇ.

ಅಂಥವಳು ಮರುದಿನದಿಂದ ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಕನಕಾಂಬರದ ಗಿಡಕ್ಕೆ ಹಾಕತೊಡಗಿದಳು. ಆ ಹೂ ಮುಡಿದು ಕೊಳಾಯಿಗೆ ಬಂದಳು. ಅವನು ನೋಡಿದ. ನೋಡಿಯೂ ನೋಡದವನಂತೆ ತಿರುಪು ತಿರುಗಿಸಿದ. ಅಷ್ಟಕ್ಕೇ ಇಬ್ಬರಿಗೂ ನಿದ್ದೆ ಹಾರಿಹೋಯಿತು!

ಬೇಸಿಗೆ ಮುಗಿಯುವಷ್ಟರಲ್ಲಿ ಅಮರೇಶಪ್ಪನ ಸೋದರಮಾವ ಜಯಣ್ಣ ಹೆಣ್ಣು ಕೇಳಲು ಬಂದೇಬಿಟ್ಟರು.

"ನಿನ್ನ ಮಾತೇ ಕೊನೆ ಕಣಮ್ಮ," ಎಂದರು ಅಪ್ಪ. "ಸಂಜೆ ಬಸ್ಸಿಗೆ ಹೊರಡ್ತಾರೆ. ಅಷ್ಟರಾಗೆ ಹೇಳು."

ಹೇಳುವುದೇನು ಬಂತು! ಕೊಡ ಎತ್ತಿಕೊಂಡು ನಗುತ್ತಲೇ ಕೊಳಾಯಿಗೆ ಹೊರಟಳು.

ಅಲ್ಲಿ... ಯಾರೋ ಹಸಿರು ಸೀರೆಯವಳು! ಕೊಡ ತುಂಬಿ ಹರಿಯುತ್ತಿದ್ದರೂ ಪರಿವೆಯಿಲ್ಲದೆ ಮಾತಾಡುತ್ತಿದ್ದಾಳೆ. ಅಮರೇಶಪ್ಪ ನಗುನಗುತ್ತಾ ಏನೋ ಕೂಗುತ್ತಿದ್ದಾನೆ. ಬಿಂದಿಗೆಗಳ ಸದ್ದಿನಲ್ಲಿ ಇವಳಿಗೆ ಕೇಳಿಸಿದ್ದು ಒಂದೇ ಮಾತು.

"ಚೆಲ್ಲಿ... ಚೆಲ್ಲಿ!"

ಭ್ರಮರಾಂಬೆಯ ಎದೆ ಧಗ್ಗೆಂದಿತು.

'ನನಗಾದರೆ ಗದರಿಕೆ. ಅವಳಿಗೆ ಚೆಲ್ಲಿ, ಚೆಲ್ಲಿ ಅಂತ ಉಪಚಾರ!'

ಖಾಲಿ ಕೊಡದೊಂದಿಗೆ ಮನೆಗೆ ಬಂದವಳೇ, "ನಂಗೆ ಈ ಸಂಬಂಧ ಬ್ಯಾಡ," ಎಂದುಬಿಟ್ಟಳು. ಅಪ್ಪ ದಂಗಾದರು. ನೆಂಟರ ಊಟವಾದರೂ ಆಗಲಿ, ಆಮೇಲೆ ಹೇಳೋಣವೆಂದು ಸುಮ್ಮನಾದರು.

ಅವಳಿಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಮತ್ತೆ ನೀರು ಬಿಟ್ಟಾಗ ಹೋದಳು. ಕೊಡದ ತುಂಬಾ ನೀರು ಹಿಡಿದು, ಅವನ ಕಣ್ಣೆದುರೇ ಅಷ್ಟನ್ನೂ ಬೀದಿಗೆ ಸುರಿದಳು!

"ಏನ್ರೀ ಇದು!"

"ಅವ್ಳಿಗಾದ್ರೆ ಚೆಲ್ಲಿ ಅಂತೀರ. ನಾನು ಚೆಲ್ಲಿದ್ರೆ ಉರೀತದಾ?"

"ಯಾರಿಗಂದೆ?"

"ಬೆಳಗ್ಗೆ... ಆ ಹಸಿರು ಸೀರೆಯೋಳಿಗೆ!"

ಅಮರೇಶಪ್ಪ ಕಕ್ಕಾಬಿಕ್ಕಿಯಾಗಿ ನಿಂತ. ಆಮೇಲೆ ಕೊಳಾಯಿ ಕಟ್ಟೆಯ ಮೇಲೆ ಕೂತು ನಗತೊಡಗಿದ.

"ಕೊಂಡಮ್ಮಂಗಾ? ನಾನು ಬಾಡಿಗೆಗಿರೋ ಮನೆ ಯಜಮಾನ್ರು ಮುತ್ಯಾಲಪ್ಪನೋರ ಮಗಳು ಕಣ್ರೀ ಅವ್ಳು. ಗಂಡನ ಮನೆಯಿಂದ ಬಂದವ್ಳೆ. ನಂಗೆ ಅನ್ನಾ ಅಂತಾಳೆ, ನಾನು ಚೆಲ್ಲಿ ಅಂತೀನಿ. ತೆಲುಗಿನಾಗೆ ಕಣ್ರೀ... ತಂಗಿ ಅಂತ! 'ಚೆಲ್ಲೀ, ಕೊಡ ತುಂಬ್ತು' ಅಂತ ಕೂಗ್ತಿದ್ದೆ!"

ಭ್ರಮರಾಂಬೆಯ ಕಿವಿಯವರೆಗೂ ಕೆಂಪೇರಿತು. ಹಾಲಿನವಳ ಹತ್ತಿರ ದಿನಾ ತೆಲುಗಿನಲ್ಲೇ ಜಗಳಾಡುವವಳು ಇವಳು! ಹೊಟ್ಟೆಕಿಚ್ಚು ಹತ್ತಿದ ಗಳಿಗೆಯಲ್ಲಿ ಅಷ್ಟೂ ತೆಲುಗು ಮರೆತೇಹೋಗಿತ್ತು.

"ಅಯ್ಯೋ... ನಾನು ಅಪ್ಪಂಗೆ ಬ್ಯಾಡ ಅಂದ್ಬುಟ್ಟೆ!"

ಅವನ ನಗು ನಿಂತಿತು. "ಬ್ಯಾಡ ಅಂದ ಮನೆಗೆ ನಮ್ಮ ಮಾವ ಇನ್ನೊಂದ್ಸಲ ಕಾಲಿಡಲ್ಲ..."

ಮುಂದಿನ ಮಾತಿಗೆ ಅವಳು ಅಲ್ಲಿ ನಿಂತಿದ್ದರೆ ತಾನೇ! ಕೊಡವನ್ನೂ ಬಿಟ್ಟು ಓಡಿದಳು. ಜಗುಲಿಯಲ್ಲಿ ಜಯಣ್ಣ ವೀಳ್ಯ ಹಾಕಿಕೊಳ್ಳುತ್ತಿದ್ದರು. ಅಪ್ಪ ಗಂಟಲು ಸರಿಮಾಡಿಕೊಂಡರು.

"ನೋಡಿ ಜಯಣ್ಣನೋರೇ, ನಮ್ಮ ಹುಡುಗಿ..."

"ಒಪ್ಕೊಂಡವ್ಳೆ!"

ಬಾಗಿಲಲ್ಲಿ ಏದುಸಿರು ಬಿಡುತ್ತಾ ಕೂಗಿದ್ದು ಸ್ವತಃ ಭ್ರಮರಾಂಬೆಯೇ. ಗಂಡಸರಿಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು. ಮದುವೆ ಹುಡುಗಿ ಹೀಗೆ ಕೂಗುವುದುಂಟೇ! ಜಯಣ್ಣ ಮೊದಲು ನಕ್ಕರು.

ಮರುದಿನ ಬೆಳಗ್ಗೆ ಕೊಳಾಯಿಯ ಹತ್ತಿರ ಅಮರೇಶಪ್ಪನೇ ಮಾತು ತೆಗೆದ.

"ಹೊಟ್ಟೆಕಿಚ್ಚು ಆರ್ತಾ?"

"ಇನ್ನೂ ಒಬ್ಬಳ ಮೇಲೈತೆ."

"ಯಾರಪ್ಪಾ ಅವ್ಳು?"

"ಈ ಕೊಳಾಯಿ... ದಿನಾ ಎದ್ದು ಮೊದ್ಲು ಇದರ ಮುಖಾನೇ ನೋಡ್ತೀರಲ್ಲ!"

ಅವನು ದನಿ ತಗ್ಗಿಸಿದ. "ಮದುವೆ ಆದ್ಮೇಲೆ ನಿಮ್ಮ ಮುಖ ಕಣ್ತುಂಬ ನೋಡ್ಕೊಂಡೇ ಬತ್ತೀನಿ."

"ನೀರು ಬಿಡೋದು ತಡ ಆದ್ರೆ ಬೀದಿಯೋರೆಲ್ಲ ಬೈತಾರೆ..."

"ಬೈಲಿ ಬಿಡಿ," ಎಂದ ಅಮರೇಶಪ್ಪ.