ಮುಟ್ಟದೆ ಬಿಟ್ಟ ಕಾಫಿ

ಬೋರ್ನಿಯೊ ದ್ವೀಪದ ನಮ್ಮ ಊರು ಪೊಂತಿಯಾನಕ್‌ನಲ್ಲಿ ನಮ್ಮವರು ಎದುರಿಗಿಟ್ಟದ್ದನ್ನು ಮುಟ್ಟದೆ ಯಾರ ಮನೆಯಿಂದಲೂ ಹೊರಡುವುದಿಲ್ಲ. ಕುಡಿಯಲು ಪುರಸೊತ್ತಿಲ್ಲದಿದ್ದರೆ ಬೆರಳದ್ದಿ ತುಟಿಗೆ ತಾಗಿಸಿದರೂ ಸಾಕು; ಅದನ್ನೂ ಮಾಡದಿದ್ದರೆ ದಾರಿಯಲ್ಲಿ ಕೇಡು ಕಾದಿರುತ್ತದೆ. ಯುದ್ಧದ ಕಾಲದಲ್ಲಿ ಜಪಾನೀಯರ ವಿಶೇಷ ಮಿಲಿಟರಿ ಪೊಲೀಸರು ಬಂದಾಗ ದೊಡ್ಡಪ್ಪ ಹಮ್ದಾನರ ಮುಂದೆ ಆಗಷ್ಟೇ ಕಾಫಿ ಇಟ್ಟಿತ್ತು. ಮುಟ್ಟಲು ಬಿಡಲಿಲ್ಲ. ತಲೆಗೆ ಗೋಣಿಚೀಲ ಮುಚ್ಚಿ ಲಾರಿ ಹತ್ತಿಸಿದರು. ಊರಿನ ಎಷ್ಟೋ ಜನರಂತೆ ಅವರೂ ಮರಳಲಿಲ್ಲ.

ಯುದ್ಧ ಮುಗಿದ ಮೇಲೆ ಒಂದು ಮಧ್ಯಾಹ್ನ ದೊಡ್ಡಮ್ಮ ಮಸ್ನಾಳನ್ನು ನೋಡಲು ಹೋದೆ. ಅವಳು ಎರಡು ಕಾಫಿ ತಂದು, ಒಂದನ್ನು ನನ್ನೆದುರು, ಇನ್ನೊಂದನ್ನು ಖಾಲಿ ಕುರ್ಚಿಯೆದುರು ಇಟ್ಟಳು. ಮೀನಿನ ಸುದ್ದಿ, ಮದುವೆ ಸುದ್ದಿ ಎಲ್ಲ ಮಾತಾಡಿದೆವು. ನನ್ನ ಕಾಫಿ ತಣ್ಣಗಾಯಿತು. ಇನ್ನೊಂದರಲ್ಲಿ ಹಬೆ ಏಳುತ್ತಲೇ ಇತ್ತು. ಕೋಣೆಯಲ್ಲಿ ಒದ್ದೆ ಗೋಣಿಯ ವಾಸನೆ. ಆದರೆ ಆ ಮನೆಯಲ್ಲಿ ಗೋಣಿಯೇ ಇರಲಿಲ್ಲ. ದೊಡ್ಡಪ್ಪನನ್ನು ಒಯ್ದ ದಿನದಿಂದ ದೊಡ್ಡಮ್ಮ ಅಕ್ಕಿಯನ್ನೂ ಡಬ್ಬದಲ್ಲೇ ತರಿಸುತ್ತಿದ್ದಳು.

ನನ್ನ ಕಪ್ಪಿಗೆ ಬೆರಳದ್ದಿ ಹೊರಡಲು ಎದ್ದೆ.

“ಅವರದ್ದನ್ನೂ ಮುಟ್ಟಿ ಹೋಗೋ,” ಎಂದಳು.

“ಅದು ದೊಡ್ಡಪ್ಪಂದಲ್ವಾ ದೊಡ್ಡಮ್ಮ?”

“ಅವರ ಕೈಲಿ ಆಗ್ತಿಲ್ಲ ಕಣೋ, ದಿನಾ ನೋಡ್ತೀನಲ್ಲ. ಅವರ ಪರವಾಗಿ ನೀನೇ ಮುಟ್ಟು. ಇಷ್ಟುದ್ದ ಬೆಳೆದಿದ್ದೀಯ, ಒಂದು ಕಪ್ಪಿಗೆ ಹೆದರ್ತೀಯಾ?”

ಕಪ್ಪಿನ ಬಾಯಿ ತೆರೆದೇ ಇತ್ತು, ಕಾಫಿ ಕಾಣುತ್ತಿತ್ತು. ಬೆರಳು ಇಳಿಸಿದೆ. ಕಾಫಿ ತಾಗುವ ಮೊದಲೇ ಬೆರಳಿಗೆ ಒರಟು ಗೋಣಿ ಸಿಕ್ಕಿತು. ಅದು ಬೆಚ್ಚಗಿತ್ತು. ಉಸಿರಾಡುವವರ ಬಾಯಿಗೆ ಕಟ್ಟಿದ ಹಾಗೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು.